ಸ್ಟುಡಿಯೊ ಪರದೆಯ ಬೆಟ್ಟ

ನಮ್ಮ ಸೋದರಮಾವ ಸಾಗರದಲ್ಲಿ ಬೋರ್ಡು ಬರೆಯುತ್ತಿದ್ದ. ಅಂಗಡಿ ಬೋರ್ಡು, ಲಾರಿ ಹಿಂದಿನ ಹುಲಿ, ಚುನಾವಣೆ ಬಂದರೆ ಗೋಡೆ ಬರಹ, ಗಣಪತಿ ಹಬ್ಬಕ್ಕೆ ಮಂಟಪದ ಸೀನರಿ. ಅವನ ಕೆಲಸಗಳಲ್ಲಿ ಹೆಚ್ಚು ಕಾಲ ಬಾಳಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಫೋಟೊ ಸ್ಟುಡಿಯೊದ ಪರದೆ. ಮಂಜರಪಾಟು ಬಟ್ಟೆಯ ಮೇಲೆ ಹಿಮದ ಬೆಟ್ಟ, ಬೆಟ್ಟದ ಬುಡಕ್ಕೆ ಕೆರೆ, ಕೆರೆ ದಂಡೆಯಲ್ಲಿ ಮರದ ಮನೆ, ಸುತ್ತ ಚೂಪು ತುದಿಯ ಮರಗಳು. ನಮ್ಮ ಕಡೆಯ ಎಷ್ಟೋ ಹುಡುಗಿಯರನ್ನು ಗಂಡಿನ ಮನೆಯವರು ಮೊದಲು ಕಂಡದ್ದು ಆ ಬೆಟ್ಟದ ಮುಂದೆ ನಿಂತ ಫೋಟೊದಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದಾಗ ನಾನು ತೆಗೆಸಿಕೊಂಡದ್ದರಲ್ಲೂ ಅದೇ ಬೆಟ್ಟ, ನನ್ನ ಜಡೆಯ ಹಿಂದೆ ಅರ್ಧ ಮುಚ್ಚಿಕೊಂಡು ನಿಂತಿದೆ. ಮಾವ ಹಿಮ ಕಂಡವನಲ್ಲ, ಉತ್ತರಕ್ಕೆ ಹುಬ್ಬಳ್ಳಿ ದಾಟಿದವನೂ ಅಲ್ಲ. ಯಾವುದೋ ಕ್ಯಾಲೆಂಡರ್ ನೋಡಿ ಬರೆದಿದ್ದ.

ಅವನ ಕೈಕೆಳಗೆ ಬ್ರಷ್ ತೊಳೆಯುವ ಕೆಲಸ ನನ್ನದಾಗಿತ್ತು, ರಜೆಯಲ್ಲಿ ಮಾತ್ರ. ಸೀಮೆಎಣ್ಣೆ ಡಬ್ಬಿಯಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬೇಲಿ ತಂತಿಗೆ ಹರಡಬೇಕು. ಮುದ್ದೆ ಮಾಡಿ ಮೂಲೆಗೆ ಎಸೆದರೆ ಬೈಗುಳ. ಯಾಕೆಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆ ಬೇಲಿ ತಂತಿಯ ವಿಷಯ ಮುಂದೆ ಬರುತ್ತದೆ.

ಮದುವೆಯಾಗಿ ಕೆಲವು ವರ್ಷಕ್ಕೆ ನನ್ನ ಗಂಡನಿಗೆ ನ್ಯೂ ಮೆಕ್ಸಿಕೊದ ರಿಯೊ ರಾಂಚೊದಲ್ಲಿ ಚಿಪ್ ಕಾರ್ಖಾನೆಯ ಕೆಲಸವಾಯಿತು. ಆಲ್ಬುಕರ್ಕಿ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ನನಗೆ ಕಂಡದ್ದು ಬರೀ ಕಂದು. ನೆಲ ಕಂದು, ಮನೆ ಕಂದು, ಮನೆಯ ಕಾಂಪೌಂಡು ಕಂದು. ಮೇಲೆ ಮಾತ್ರ ಕಣ್ಣು ಕುಕ್ಕುವಂಥ ನೀಲಿ. ಅಮೆರಿಕದ ಪಶ್ಚಿಮ ಎಂದರೆ ನನ್ನ ತಲೆಯಲ್ಲಿ ಮಾವನ ಪರದೆಯೇ ಇತ್ತು. ಮೋಸ ಹೋದೆ ಅನ್ನಿಸಿತು. ವೀಸಾ ಪ್ರಕಾರ ನಾನು ಕೆಲಸಕ್ಕೆ ಹೋಗುವಂತಿರಲಿಲ್ಲ. ಮೊದಲ ಆರು ತಿಂಗಳು ಕಿಟಕಿಯಿಂದ ಸಾಂಡಿಯಾ ಬೆಟ್ಟ ನೋಡುತ್ತಾ ಕಳೆದೆ. ಸಾಂಡಿಯಾ ಎಂದರೆ ಸ್ಪ್ಯಾನಿಷಿನಲ್ಲಿ ಕಲ್ಲಂಗಡಿ. ದಿನವಿಡೀ ಬೂದು ಬಣ್ಣದಲ್ಲಿ ಸುಮ್ಮನಿರುವ ಬೆಟ್ಟ ಸೂರ್ಯ ಮುಳುಗುವಾಗ ಹತ್ತು ನಿಮಿಷ ಹೋಳು ಮಾಡಿದ ಕಲ್ಲಂಗಡಿಯ ಬಣ್ಣಕ್ಕೆ ತಿರುಗುತ್ತದೆ. ಆ ಹತ್ತು ನಿಮಿಷವನ್ನು ಹಿಡಿಯಬೇಕೆಂದು ಬ್ರಷ್ ತೆಗೆದುಕೊಂಡೆ.

ಮೊದಲು ಜಲವರ್ಣ. ಊರಿನ ಮಳೆಗಾಲದಲ್ಲಿ ನೀರು ಬೆರೆಸಿದ ತೆಳು ಬಣ್ಣದ ಒಂದು ವಾಶ್ ಹಾಕಿದರೆ ಮಧ್ಯಾಹ್ನದ ಊಟ ಮುಗಿಸಿ ಬಂದರೂ ಕಾಗದ ತಣ್ಣಗಿರುತ್ತಿತ್ತು. ಇಲ್ಲಿ ಆಕಾಶದ ಎಡತುದಿಯಿಂದ ಬಲತುದಿಗೆ ಬ್ರಷ್ ಹೋಗುವಷ್ಟರಲ್ಲಿ ಎಡತುದಿ ಒಣಗಿ ಗೆರೆ ಬಿಟ್ಟಿರುತ್ತಿತ್ತು. ರಿಯೊ ರಾಂಚೊ ಇರುವುದು 5,300 ಅಡಿ ಎತ್ತರದಲ್ಲಿ, ವರ್ಷಕ್ಕೆ ಬೀಳುವ ಮಳೆ ಸುಮಾರು 9 ಇಂಚು. ನಮ್ಮ ಕಡೆ ಆಷಾಢದಲ್ಲಿ ಒಂದೇ ದಿನ ಅಷ್ಟು ಸುರಿದದ್ದುಂಟು. ಹಾಗಾಗಿ ನಾನು ತೈಲವರ್ಣಕ್ಕೆ ಬಂದದ್ದು ಕಲೆಯ ಮೇಲಿನ ಪ್ರೀತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಅದು ಬೇಗ ಒಣಗುವುದಿಲ್ಲ, ಅಷ್ಟೇ. ಅದರಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಮರುಭೂಮಿಯ ಬಿಸಿಲಿಗೆ ಸ್ವಲ್ಪ ಬೇಗ ಗಟ್ಟಿಯಾದರೂ ನೀರಿನಷ್ಟು ಅವಸರ ಅದಕ್ಕಿಲ್ಲ.

ವಾರಕ್ಕೊಮ್ಮೆ ಸಂಜೆ ತರಗತಿಗೆ ಸೇರಿದೆ. ಟೀಚರ್ ಎಪ್ಪತ್ತು ದಾಟಿದ ಹೆಂಗಸು, ಮಾತು ಕಡಿಮೆ. ಮೊದಲ ದಿನ ನನ್ನ ಪೆಟ್ಟಿಗೆ ತೆರೆದು ನೋಡಿ ಮೂರು ಟ್ಯೂಬ್ ಹೊರಗೆ ತೆಗೆದಿಟ್ಟಳು. ಮೂರೂ ಹಸಿರು. ಮಲೆನಾಡಿನವಳು ಅಂಗಡಿಗೆ ಹೋದರೆ ಬೇರೆ ಇನ್ನೇನು ಕೊಳ್ಳುತ್ತಾಳೆ? "ಇವನ್ನು ಮನೆಯಲ್ಲಿಡು" ಎಂದಳು. ಉಳಿದದ್ದು ಟೈಟೇನಿಯಂ ಬಿಳಿ, ಕ್ಯಾಡ್ಮಿಯಂ ಹಳದಿ, ಯೆಲ್ಲೊ ಓಕರ್ ಎಂಬ ಮಣ್ಣು ಹಳದಿ, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು, ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು, ಅಲ್ಟ್ರಾಮರೀನ್ ನೀಲಿ, ಐವರಿ ಕಪ್ಪು. ಹಸಿರು ಬೇಕಾದಾಗ ಕಪ್ಪಿಗೆ ಹಳದಿ ಬೆರೆಸು ಎಂದಳು. ನಂಬಿಕೆ ಬರಲಿಲ್ಲ. ಬೆರೆಸಿದರೆ ಕಪ್ಪಿನೊಳಗಿಂದ ಒಂದು ಮಂಕು ಹಸಿರು ಎದ್ದುಬಂತು. ಕಿಟಕಿಯಾಚೆ ಗುಡ್ಡದ ತುಂಬ ಕುಳಿತ ಜುನಿಪರ್ ಗಿಡಗಳ ಬಣ್ಣ ಥೇಟ್ ಅದೇ. ನಮ್ಮ ಅಡಿಕೆ ತೋಟದ ಹಸಿರನ್ನು ಅಲ್ಲಿ ಬಳಿದಿದ್ದರೆ ಗುಡ್ಡಕ್ಕೆ ಪ್ಲಾಸ್ಟಿಕ್ ಹೂಗಿಡ ಚುಚ್ಚಿದ ಹಾಗಾಗುತ್ತಿತ್ತು.

ಎರಡನೆಯ ತಿಂಗಳು ಹೊರಗೆ ಕರೆದುಕೊಂಡು ಹೋದಳು. ಜಾಗದಲ್ಲೇ ನಿಂತು ಬರೆಯುವುದಕ್ಕೆ ಇಲ್ಲಿಯವರು ಫ್ರೆಂಚ್ ಹೆಸರು ಬಳಸುತ್ತಾರೆ, ಪ್ಲೆನ್ ಏರ್. ನಮ್ಮಲ್ಲಿ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಬೀದಿಗಳಲ್ಲಿ ಚಿತ್ರದ ಹಲಗೆ ನಿಲ್ಲಿಸುವ ಈಸೆಲ್ ಊರಿ ಹೂಬಿಟ್ಟ ಮರಗಳನ್ನು ಬರೆಯುತ್ತಿದ್ದುದೂ ಇದೇ. ಇದು ಸಾಧ್ಯವಾಗಲು ಒಂದು ಸಣ್ಣ ಕಾರಣವಿದೆ. 1841ರಲ್ಲಿ ಜಾನ್ ಗೋಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಬಣ್ಣಕ್ಕೆ ತವರದ ಟ್ಯೂಬ್ ಕಂಡುಹಿಡಿದ. ಅದಕ್ಕೂ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಅದನ್ನು ಹೊತ್ತುಕೊಂಡು ಬೆಟ್ಟ ಹತ್ತುವ ಉಮೇದು ಯಾರಿಗಿರುತ್ತದೆ?

ನಾನು ತಂದದ್ದು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಮರದ ಫ್ರೆಂಚ್ ಈಸೆಲ್. ಒಂದು ಕಾಲು ಸಡಿಲ. ಮಾರ್ಚ್ ತಿಂಗಳು, ಇಲ್ಲಿ ಗಾಳಿಗಾಲ. ಒಂದು ಗಂಟೆ ಕಷ್ಟಪಟ್ಟು ಬರೆದಿದ್ದೆ, ಒಂದು ಬೀಸಿಗೆ ಈಸೆಲ್ ಮಗುಚಿತು. ಹಲಗೆ ಬಿದ್ದದ್ದು ಬಣ್ಣದ ಮಗ್ಗುಲಿಗೇ. ಎತ್ತಿದರೆ ಆಕಾಶದ ತುಂಬ ಮರಳು. ಟೀಚರ್ ಬಂದು ನೋಡಿ, "ಈಗ ಇದು ನಿಜವಾಗಿಯೂ ನ್ಯೂ ಮೆಕ್ಸಿಕೊದ ಚಿತ್ರ" ಎಂದು ಹೋದಳು. ಆ ಹಲಗೆ ಈಗಲೂ ನನ್ನ ಹತ್ತಿರವಿದೆ, ಮರಳಿನ ಸಮೇತ. ಅಂದಿನಿಂದ ಒಂದು ಚೀಲಕ್ಕೆ ಕಲ್ಲು ತುಂಬಿ ಈಸೆಲಿನ ನಡುವೆ ತೂಗುಹಾಕುವುದು ರೂಢಿಯಾಯಿತು.

ಕೈಗಿಂತ ಕಣ್ಣಿಗೆ ಕಲಿಸುವುದು ಕಷ್ಟವಾಯಿತು. ನಮ್ಮೂರಿನಲ್ಲಿ ದೂರ ಎಂಬುದೇ ಇಲ್ಲ. ಮರದ ಹಿಂದೆ ಮರ, ಅದರ ಹಿಂದೆ ಮಂಜು. ಮಂಜಿದ್ದರೆ ಚಿತ್ರಕಾರನಿಗೆ ಸುಲಭ. ಹಿಂದಿನದನ್ನು ತೆಳುಮಾಡಿದರೆ ದೂರ ತಾನಾಗಿ ಬರುತ್ತದೆ. ಇಲ್ಲಿ ಗಾಳಿಯಲ್ಲಿ ತೇವವಿಲ್ಲ. ಐವತ್ತು ಮೈಲಿ ಆಚೆಯ ಬೆಟ್ಟದ ಕೊರಕಲು ಕೂಡ ಎಣಿಸುವಷ್ಟು ಸ್ಪಷ್ಟ. ನಾನು ಕಂಡದ್ದನ್ನೆಲ್ಲ ಕಂಡಷ್ಟೇ ಚೂಪಾಗಿ ಬರೆದೆ; ಬೆಟ್ಟ ಬಂದು ಮುಂದಿನ ಪೊದೆಯ ಪಕ್ಕ ಕುಳಿತುಬಿಟ್ಟಿತು. ಕಣ್ಣು ಕಿರಿದು ಮಾಡಿ ನೋಡು ಅನ್ನುತ್ತಿದ್ದಳು ಟೀಚರ್. ಕಣ್ಣು ಕಿರಿದಾದಾಗ ವಿವರಗಳು ಕರಗಿ, ನಾಲ್ಕೋ ಐದೋ ತುಂಡುಗಳಷ್ಟೇ ಉಳಿಯುತ್ತವೆ. ಯಾವ ತುಂಡು ಯಾವುದಕ್ಕಿಂತ ಕಡು ಎನ್ನುವುದು ಆಗ ಗೊತ್ತಾಗುತ್ತದೆ. ಜಾನ್ ಕಾರ್ಲ್‌ಸನ್ ಎಂಬ ಚಿತ್ರಕಾರ ಕಲಿಸಿದ ಲೆಕ್ಕವೊಂದಿದೆ. ಬೆಳಕು ಬರುವುದು ಆಕಾಶದಿಂದ, ಆದ್ದರಿಂದ ಆಕಾಶ ಎಲ್ಲಕ್ಕಿಂತ ತಿಳಿ. ಬೆಳಕಿಗೆ ಮುಖಮಾಡಿ ಮಲಗಿದ ನೆಲ ನಂತರದ್ದು. ಇಳಿಜಾರು ಅದಕ್ಕಿಂತ ಕಡು. ನೆಟ್ಟಗೆ ನಿಂತ ಮರ ಎಲ್ಲಕ್ಕಿಂತ ಕಡು. ತೋಟ, ಗದ್ದೆ, ಗುಡ್ಡಕ್ಕೆ ಸರಿಯಾದ ಲೆಕ್ಕ. ಇಲ್ಲಿ ಮಧ್ಯಾಹ್ನ ಹನ್ನೊಂದಕ್ಕೆ ಅದು ತಲೆಕೆಳಗು. ಬಿಸಿಲು ಬಿದ್ದ ಮರಳು ಆಕಾಶಕ್ಕಿಂತ ತಿಳಿಯಾಗಿ ಹೊಳೆಯುತ್ತದೆ, ನೀಲಿ ಆಕಾಶ ಅದರ ಮೇಲೆ ಭಾರವಾಗಿ ಕೂರುತ್ತದೆ. ಅದನ್ನು ಕಣ್ಣಾರೆ ಕಂಡರೂ ಹಲಗೆಯ ಮೇಲೆ ಹಾಕಲು ಧೈರ್ಯ ಬರುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ಕೆಂಪು ಮಣ್ಣು ನನಗೆ ಗೊತ್ತಿದೆ ಎಂಬ ಜಂಬವೂ ಇತ್ತು. ಜಂಬಿಟ್ಟಿಗೆ ಕಲ್ಲಿನ ನಡುವೆ ಬೆಳೆದವಳು. ಆದರೆ ನನ್ನ ನೆನಪಿನ ಕೆಂಪು ಒದ್ದೆ ಕೆಂಪು. ಇಲ್ಲಿಯದು ಒಣ ಕೆಂಪು. ಬಿಸಿಲಿನಲ್ಲಿ ಅದು ಗುಲಾಬಿಯತ್ತ, ಕೆಲವೊಮ್ಮೆ ಕೆನೆಯತ್ತ ಸರಿಯುತ್ತದೆ, ನೆರಳಿನಲ್ಲಿ ನೇರಳೆಯಾಗುತ್ತದೆ. ಬರ್ಂಟ್ ಸಿಯೆನ್ನಾಕ್ಕೆ ಅರ್ಧಕ್ಕರ್ಧ ಬಿಳಿ ಸುರಿದ ಮೇಲೆಯೇ ನನ್ನ ನೆಲ ಒಣಗಿದ್ದು.

ಮಳೆಯನ್ನೂ ಹೊಸದಾಗಿ ಕಲಿಯಬೇಕಾಯಿತು. ಜುಲೈಯಿಂದ ಸೆಪ್ಟೆಂಬರ್ ತನಕ ಇಲ್ಲಿಯವರೂ ಮಾನ್‌ಸೂನ್ ಅನ್ನುತ್ತಾರೆ. ಆ ಮಾತು ಕೇಳಿ ಮೊದಲ ಸಲ ಕುಣಿದಾಡುವಷ್ಟು ಖುಷಿಯಾಗಿತ್ತು. ಮೋಡ ಬಂತು, ಮೋಡದಿಂದ ಮಳೆಯ ಕಾಲು ಇಳಿಯಿತು, ನೆಲಕ್ಕೆ ಮುಟ್ಟುವ ಮೊದಲೇ ಗಾಳಿಯಲ್ಲೇ ಇಂಗಿಹೋಯಿತು. ಅದಕ್ಕೆ ವರ್ಗಾ ಅಂತ ಹೆಸರಿದೆಯಂತೆ. ಮನೆಗೆ ಬಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ನೆಲಕ್ಕೆ ಬೀಳದ ಮಳೆ ಎಂತಾ ಮಳೆಯೇ?" ಎಂದಳು. ಬರೆಯುವುದೇನೋ ಸುಲಭ. ಒದ್ದೆ ಮೋಡದ ಬಣ್ಣವನ್ನು ಒಣ ಬ್ರಷ್ಷಿನಿಂದ ಕೆಳಕ್ಕೆ ಎಳೆದು, ಅರ್ಧದಲ್ಲಿ ಕೈ ಎತ್ತಿಬಿಡಬೇಕು. ಎತ್ತುವ ಆ ಗಳಿಗೆ ತಪ್ಪಿದರೆ ನಮ್ಮೂರ ಮಳೆಯಾಗಿಬಿಡುತ್ತದೆ.

ಇಷ್ಟು ಕಲಿತ ಮೇಲೆ ಹಿಂದಿನವರು ಬರೆದದ್ದನ್ನು ನೋಡುವ ಆಸೆಯಾಯಿತು. ನ್ಯೂಯಾರ್ಕಿಗೆ ಹೋದಾಗ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಆಲ್ಬರ್ಟ್ ಬಿಯರ್‌ಸ್ಟಾಟ್ 1863ರಲ್ಲಿ ಬರೆದ ರಾಕಿ ಪರ್ವತದ ಚಿತ್ರದ ಮುಂದೆ ನಿಂತು ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಕಾವಲಿನವನು ತಿರುಗಿ ನೋಡಿದ. ಹತ್ತು ಅಡಿ ಅಗಲದ ಚಿತ್ರ. ಹಿಮದ ಬೆಟ್ಟ, ಬುಡದಲ್ಲಿ ಕನ್ನಡಿಯಂಥ ನೀರು. ಮರದ ಮನೆಯ ಜಾಗದಲ್ಲಿ ಶೊಶೋನಿ ಎಂಬ ಮೂಲನಿವಾಸಿ ಜನರ ಬಿಡಾರ. ಉಳಿದದ್ದೆಲ್ಲ ನನ್ನ ಮಾವನ ಪರದೆ! ಬಿಯರ್‌ಸ್ಟಾಟ್ ಜರ್ಮನಿಯಲ್ಲಿ ಹುಟ್ಟಿದವನು, ಡ್ಯೂಸೆಲ್‌ಡಾರ್ಫ್‌ನಲ್ಲಿ ಕಲಿತವನು, ಆಲ್ಪ್ಸ್ ಸುತ್ತಿದವನು. 1859ರಲ್ಲಿ ಸರ್ಕಾರದ ಸರ್ವೆ ತಂಡದ ಜೊತೆ ಪಶ್ಚಿಮಕ್ಕೆ ಬಂದು ಸ್ಕೆಚ್ ಮಾಡಿಕೊಂಡು ಹೋಗಿ, ದೊಡ್ಡ ಚಿತ್ರವನ್ನು ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಬರೆದ. ಅವನ ರಾಕಿ ಪರ್ವತಕ್ಕೆ ಆಲ್ಪ್ಸಿನ ಮುಖ ಇದೆ ಅಂತ ಬಲ್ಲವರು ಹೇಳುತ್ತಾರೆ. ಮಾವನ ಕ್ಯಾಲೆಂಡರ್ ಎಲ್ಲಿಯದೋ ಏನೋ. ಇಬ್ಬರೂ ಒಂದೂರಿನ ಬೆಟ್ಟವನ್ನು ಇನ್ನೊಂದೂರಿನ ಗೋಡೆಗೆ ತೂಗುಹಾಕಿದವರು ಎಂದು ನನಗೆ ಮಾವನ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕಿತು.

ಜನರ ವಿಷಯ ಬಂದಾಗ ಹೀಗೆ ನಗುವುದಾಗಲಿಲ್ಲ. ನಮ್ಮ ಮನೆಯಿಂದ ಅರ್ಧ ಗಂಟೆ ಹೋದರೆ ಪ್ಯುಬ್ಲೊ ಎಂಬ ಮೂಲನಿವಾಸಿ ಜನರ ಹಳ್ಳಿಗಳಿವೆ. ಹಬ್ಬದ ದಿನ ಹೊರಗಿನವರೂ ಕುಣಿತ ನೋಡಲು ಹೋಗಬಹುದು. ಸ್ಕೆಚ್ ಪುಸ್ತಕ ಹಿಡಿದು ಹೋದೆ. ಊರ ಬಾಗಿಲಲ್ಲೇ ಫಲಕ: ಫೋಟೊ ಇಲ್ಲ, ರೆಕಾರ್ಡಿಂಗ್ ಇಲ್ಲ, ಚಿತ್ರ ಬರೆಯುವಂತಿಲ್ಲ. ಪುಸ್ತಕವನ್ನು ವಾಪಸು ಕಾರಿನಲ್ಲಿಟ್ಟು ಬಂದು ಬರಿಗೈಯಲ್ಲಿ ನಿಂತೆ. ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಉತ್ತರಕ್ಕಿರುವ ಟಾವೊಸ್ ಎಂಬ ಊರಿಗೆ ಹೋಗಿ ಅಲ್ಲಿಯ ಹಳೆ ಚಿತ್ರಕಾರರ ಕೆಲಸ ನೋಡುತ್ತಾ ಬಂದಂತೆ ಆ ಫಲಕ ಯಾಕೆ ಬಂತು ಅನ್ನುವುದು ಅರ್ಥವಾಯಿತು.

ಟಾವೊಸ್‌ನ ಕತೆ ಶುರುವಾಗುವುದೇ ಮುರಿದ ಚಕ್ರದಿಂದ. 1898ರ ಸೆಪ್ಟೆಂಬರಿನಲ್ಲಿ ಅರ್ನೆಸ್ಟ್ ಬ್ಲೂಮೆನ್‌ಶೈನ್, ಬರ್ಟ್ ಫಿಲಿಪ್ಸ್ ಎಂಬ ಇಬ್ಬರು ಹುಡುಗರು ಡೆನ್ವರಿನಿಂದ ಮೆಕ್ಸಿಕೊ ಕಡೆಗೆ ಗಾಡಿಯಲ್ಲಿ ಹೊರಟಿದ್ದರು. ಟಾವೊಸ್‌ಗೆ ಇಪ್ಪತ್ತು ಮೈಲಿ ಇರುವಾಗ ಚಕ್ರ ಮುರಿಯಿತು. ನಾಣ್ಯ ಚಿಮ್ಮಿದರು, ಸೋತ ಬ್ಲೂಮೆನ್‌ಶೈನ್ ಕುದುರೆ ಮೇಲೆ ಚಕ್ರ ಹೊತ್ತು ಊರಿಗೆ ಹೋದ. ದಾರಿಯಲ್ಲಿ ಕಂಡ ಬೆಳಕಿಗೆ ಮರುಳಾಗಿ ಮುಂದಿನ ಪ್ರಯಾಣವನ್ನೇ ಬಿಟ್ಟರು. 1915ರಲ್ಲಿ ಆರು ಜನ ಸೇರಿ ಟಾವೊಸ್ ಸೊಸೈಟಿ ಆಫ್ ಆರ್ಟಿಸ್ಟ್ಸ್ ಕಟ್ಟಿದರು. 1927ರಲ್ಲಿ ಅದು ಮುಚ್ಚಿತು. ಆ ಆರರಲ್ಲಿ ಒಬ್ಬ ಇ. ಇರ್ವಿಂಗ್ ಕೌಸ್. ಅವನ ಕೈ ಅದ್ಭುತ. ಬೆಂಕಿಯ ಬೆಳಕು ಕಂಚಿನ ಮೈಮೇಲೆ ಬೀಳುವುದನ್ನು ಅಷ್ಟು ಚೆನ್ನಾಗಿ ಬರೆದವರು ಕಡಿಮೆ. ಆದರೆ ಹತ್ತು ಚಿತ್ರ ಸಾಲಾಗಿ ನೋಡಿ. ಅದೇ ಪ್ಯುಬ್ಲೊ ಮನುಷ್ಯ, ಅದೇ ಕುಕ್ಕರುಗಾಲಿನ ಭಂಗಿ, ಅದೇ ಬೆಂಕಿ. ಸಾಂಟಾ ಫೆ ರೈಲ್ವೆ ಕಂಪನಿ ಅವನ್ನು ಕ್ಯಾಲೆಂಡರಿಗೆ ಹಾಕಿ ದೇಶದ ತುಂಬ ಹಂಚಿತು. ಟಿಕೆಟ್ ಮಾರಬೇಕಿತ್ತಲ್ಲ. ಅದೇ ಹೊತ್ತಿಗೆ ಟಾವೊಸ್ ಪ್ಯುಬ್ಲೊದ ಜನ 1906ರಲ್ಲಿ ಸರ್ಕಾರ ಅರಣ್ಯಕ್ಕೆ ಸೇರಿಸಿಕೊಂಡ ತಮ್ಮ ಪವಿತ್ರ ಸರೋವರ ಬ್ಲೂ ಲೇಕಿಗಾಗಿ ಬಡಿದಾಡುತ್ತಿದ್ದರು. 48,000 ಎಕರೆ ಜಾಗ ಅವರ ಕೈಗೆ ವಾಪಸು ಬಂದದ್ದು 1970ರಲ್ಲಿ. ಕ್ಯಾಲೆಂಡರಿನ ಮನುಷ್ಯ ಮಾತ್ರ ಬೆಂಕಿ ಮುಂದೆ ಸುಮ್ಮನೆ ಕೂತೇ ಇದ್ದ.

ಹಾಗಾಗಿ ನಾನು ಜನರನ್ನು ಬಿಟ್ಟುಬಿಟ್ಟೆ. ಎರಡು ವರ್ಷ ಬರೀ ಕಲ್ಲು, ಮೋಡ, ಅಕ್ಟೋಬರಿನಲ್ಲಿ ರಿಯೊ ಗ್ರಾಂಡೆ ದಂಡೆಯ ಕಾಟನ್‌ವುಡ್ ಮರಗಳ ಹಳದಿ. ಗೋಸ್ಟ್ ರಾಂಚ್‌ಗೂ ಹೋಗಿ ಪೆಡೆರ್ನಾಲ್ ಬೆಟ್ಟ ಬರೆದೆ. ಜಾರ್ಜಿಯಾ ಓಕೀಫ್ ಮತ್ತೆ ಮತ್ತೆ ಬರೆದ ಬೆಟ್ಟ ಅದು, ಅವಳ ಬೂದಿಯನ್ನೂ ಅಲ್ಲೇ ಹರಡಿದ್ದಾರೆ. ಅಲ್ಲಿ ಬರೆಯುವುದು ದೊಡ್ಡವರ ಮನೆ ಜಗುಲಿಯಲ್ಲಿ ಕಾಲು ಚಾಚಿ ಕೂತ ಹಾಗೆ, ಏನು ಬರೆದರೂ ಅವಳದ್ದೇ ಆಗುತ್ತದೆ. ಅವಳಿಂದ ನಾನು ಕದ್ದದ್ದು ಒಂದೇ ಒಂದು. ಫೋರ್ಡ್ ಕಾರಿನ ಸೀಟು ತಿರುಗಿಸಿ, ಕಾರನ್ನೇ ಸ್ಟುಡಿಯೊ ಮಾಡಿಕೊಂಡು ಬಿಸಿಲು ಗಾಳಿ ತಪ್ಪಿಸಿಕೊಳ್ಳುತ್ತಿದ್ದಳಂತೆ. ನಮ್ಮ ಕಾರಿನ ಡಿಕ್ಕಿ ಬಾಗಿಲು ಎತ್ತಿ ಅದರ ನೆರಳಲ್ಲಿ ಕೂರುವುದನ್ನು ಆಗ ಕಲಿತೆ. ಸೀಟಿಗೆ ಹತ್ತಿದ ಅಲ್ಟ್ರಾಮರೀನ್ ಕಲೆ ಇವತ್ತಿಗೂ ಹೋಗಿಲ್ಲ.

ಆ ದಿನಗಳಲ್ಲೇ ಗ್ಯಾರೇಜಿನ ಪ್ರಸಂಗ ನಡೆದದ್ದು. ಬಣ್ಣ ಒರೆಸಿದ ಬಟ್ಟೆಗಳನ್ನು ನಾನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಮೂಲೆಯಲ್ಲಿಡುತ್ತಿದ್ದೆ. ಒಂದು ರಾತ್ರಿ ಇವರು "ಏನೋ ಸೀದ ವಾಸನೆ" ಎಂದರು. ನಾನು ಪಕ್ಕದ ಮನೆಯವರು ಮೆಣಸಿನಕಾಯಿ ಸುಡುತ್ತಿರಬೇಕು ಎಂದೆ. ಆಗಸ್ಟ್ ಬಂತೆಂದರೆ ಇಲ್ಲಿ ಬೀದಿ ಬೀದಿಯಲ್ಲಿ ಹಸಿಮೆಣಸಿನಕಾಯಿ ಸುಡುವ ಘಾಟು. ಇವರು ಕೇಳದೆ ಹೋಗಿ ನೋಡಿದರೆ ಚೀಲ ಕರಗಿ ಹೊಗೆಯಾಡುತ್ತಿತ್ತು. ಎತ್ತಿ ಹಿತ್ತಲಿಗೆ ಎಸೆದು ನೀರು ಸುರಿದರು. ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಆ ಶಾಖ ಹೋಗಲು ದಾರಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬೇಲಿ ತಂತಿಯ ಗುಟ್ಟು ಗೊತ್ತಾಗಲು ನನ್ನ ಗ್ಯಾರೇಜು ಸುಡುವ ತನಕ ಬರಬೇಕಾಯಿತು! ಮಾರನೇ ದಿನವೇ ಹಿತ್ತಲಲ್ಲಿ ತಂತಿ ಕಟ್ಟಿದೆ.

ಮೂರನೆಯ ವರ್ಷ ಫೆಬ್ರವರಿ ಕೊನೆಗೆ ಟಾವೊಸ್ ಕಡೆಗೆ ಹೋಗುವ ಮೇಲಿನ ರಸ್ತೆಯಲ್ಲಿ, ಚಿಮಾಯೊ ದಾಟಿದ ಮೇಲೆ ಬರುವ ಒಂದು ಹಳ್ಳಿಯ ಪಕ್ಕ ಈಸೆಲ್ ಊರಿದ್ದೆ. ಹಳೆ ಪಿಕಪ್ ಗಾಡಿ ಬಂದು ನಿಂತಿತು. ಇಳಿದವರು ಎಂಬತ್ತರ ಹತ್ತಿರದ ಮುದುಕರು, ಕೈಯಲ್ಲಿ ಸಲಿಕೆ. "ಮಿಹಾ, ಸ್ವಲ್ಪ ಸರಿದು ನಿಲ್ಲು, ನೀನು ನನ್ನ ತೂಬಿನ ಮೇಲೆ ನಿಂತಿದ್ದೀಯ" ಎಂದರು. ಮಿಹಾ ಎಂದರೆ ಮಗಳೇ. ಕೆಳಗೆ ನೋಡಿದರೆ ನಿಜವಾಗಿಯೂ ಹಲಗೆ ಬಾಗಿಲಿನ ಒಂದು ತೂಬು, ಅದರಿಂದಾಚೆ ಒಣಗಿದ ಕಾಲುವೆ. ಅವರು ಆ ಕಾಲುವೆಯ ಮಯೋರ್ದೋಮೊ. ಯಾರ ಹೊಲಕ್ಕೆ ಯಾವ ದಿನ ಎಷ್ಟು ಹೊತ್ತು ನೀರು ಎನ್ನುವುದನ್ನು ತೀರ್ಮಾನಿಸಿ, ತೂಬು ತೆಗೆದು ಮುಚ್ಚುವವರು. ಊರವರೇ ಸೇರಿ ಆರಿಸುವ ಹುದ್ದೆ. ನನ್ನ ಬಾಯಿಂದ ತಾನಾಗಿ ಕನ್ನಡ ಬಂತು: "ಓ, ನೀರುಗಂಟಿ!"

"ಏನಂದೆ?" ಎಂದರು. ಕೋಲಾರ, ತುಮಕೂರು ಕಡೆಯ ಕೆರೆಗಳಿಗೆ ನೀರುಗಂಟಿ ಇರುತ್ತಾನೆ, ಅಚ್ಚುಕಟ್ಟಿಗೆ ನೀರು ಬಿಡುವುದು ಅವನ ಕೆಲಸ ಅಂತ ವಿವರಿಸಿದೆ. ಮುದುಕರು ಸಲಿಕೆ ಊರಿ ನಿಂತು ಅರ್ಧ ಗಂಟೆ ವಿಚಾರಿಸಿದರು. ಕೆರೆಗೆ ಬೇಲಿ ಇದೆಯೇ? ಕದ್ದು ನೀರು ತಿರುಗಿಸಿದರೆ ದಂಡ ಎಷ್ಟು? ಜಗಳ ಬಂದರೆ ಯಾರು ತೀರಿಸುತ್ತಾರೆ? ಚಿತ್ರದ ಬಗ್ಗೆ ಒಂದು ಮಾತಿಲ್ಲ. ಈ ಕಾಲುವೆಗೆ ಅಸೇಕಿಯಾ ಎನ್ನುತ್ತಾರೆ, ಅರಬ್ಬಿ ಮೂಲದ ಮಾತು. ಅರಬರಿಂದ ಸ್ಪೇನಿಗೆ, ಸ್ಪೇನಿನಿಂದ ಇಲ್ಲಿಗೆ. ನ್ಯೂ ಮೆಕ್ಸಿಕೊದಲ್ಲಿ ಇಂಥವು ಸುಮಾರು 700 ಇವೆ. ಹೊರಡುವಾಗ, "ಮಾರ್ಚ್ ಎರಡನೇ ಶನಿವಾರ ಕಾಲುವೆ ಹೂಳೆತ್ತುತ್ತೇವೆ. ಬಾ. ಬ್ರಷ್ ಬೇಡ, ಸಲಿಕೆ ತಾ" ಎಂದರು.

ಹೋದೆ. ಮೂವತ್ತು ಜನರಿದ್ದರು, ಕಾಲೇಜು ಹುಡುಗರಿಂದ ಹಿಡಿದು ಮೊಣಕಾಲು ನೋವಿನ ಮುದುಕರ ತನಕ. ನೀರಿನ ಹಕ್ಕಿರುವ ಪ್ರತಿ ಮನೆಯಿಂದ ಆಳು ಬರಬೇಕು, ಬರದಿದ್ದರೆ ದುಡ್ಡು ಕೊಡಬೇಕು. ಅಜ್ಜ ಮುಂದೆ ಹೋಗುತ್ತಾ ಸಲಿಕೆಯಲ್ಲಿ ಗೆರೆ ಹಾಕಿ ಪ್ರತಿಯೊಬ್ಬರಿಗೂ ಒಂದೊಂದು ತುಂಡು ಹಂಚುತ್ತಿದ್ದರು. ನನಗೂ ಹಂಚಿದರು. ಕಳೆದ ವರ್ಷದ ಎಲೆ, ಕೆಸರು, ವಿಲೋ ಬೇರು, ಒಂದು ಗೊಂಬೆಯ ಕಾಲು. ಕಾಲುವೆಯೊಳಗೆ ಬಗ್ಗಿದವಳಿಗೆ ಬೆಟ್ಟ ಕಾಣಲಿಲ್ಲ. ಆಗಾಗ ಸೊಂಟ ಹಿಡಿದು ನೆಟ್ಟಗಾದಾಗ ಮಾತ್ರ, 13,000 ಅಡಿ ಮೀರಿದ ಟ್ರುಚಾಸ್ ಶಿಖರಗಳು, ಮೈತುಂಬ ಹಿಮ ಹೊದ್ದು, ಥೇಟ್ ಪರದೆಯ ಹಾಗೆ. ಊಟಕ್ಕೆ ಬೀನ್ಸ್, ಕೆಂಪು ಮೆಣಸಿನಕಾಯಿಯ ಗಟ್ಟಿ ಸಾರು. ಆ ಕೆಂಪು ನೋಡಿದರೆ ಬ್ಯಾಡಗಿ, ಬಾಯಿಗಿಟ್ಟರೆ ಅದಕ್ಕಿಂತ ಖಾರ.

ಅಂಗೈಯಲ್ಲಿ ಎರಡು ಬೊಬ್ಬೆ ಬಂದಮೇಲೆ ಕೇಳುವ ಧೈರ್ಯವೂ ಬಂತು. "ಅಜ್ಜ, ನಿಮ್ಮ ಚಿತ್ರ ಬರೆಯಲಾ?" ಅವರು ಸ್ವಲ್ಪ ಯೋಚಿಸಿ, "ಸುಮ್ಮನೆ ಕೂರಬೇಕಾ?" ಎಂದರು. ಸ್ವಲ್ಪ ಹೊತ್ತು ಎಂದೆ. "ಹಾಗಾದರೆ ಭಾನುವಾರ, ಪೂಜೆ ಮುಗಿದ ಮೇಲೆ."

12ಕ್ಕೆ 16 ಇಂಚಿನ ಹಲಗೆ. ಮೊದಲು ತೆಳುವಾಗಿ ಬರ್ಂಟ್ ಸಿಯೆನ್ನಾ ಒರೆಸಿ ಬಿಳಿಯನ್ನು ಕೊಂದೆ. ಮುಂಭಾಗದಲ್ಲಿ ಅಜ್ಜ, ಸಲಿಕೆ, ಕಾಲುವೆ, ಹಿಂದೆ ಬೆಟ್ಟದ ಸಾಲು. ಮೊದಲ ಭಾನುವಾರ ನೆರಳಿನ ಆಕಾರಗಳನ್ನಷ್ಟೇ ಹಾಕಿದೆ. ಮುಖಕ್ಕೆ ಬಣ್ಣ ಕಲಸುವಾಗ, ತರಗತಿಯಲ್ಲಿ ಹೇಳಿಕೊಟ್ಟ ಗುಲಾಬಿ ಬೆರಕೆ ಒಂದೂ ಹೊಂದಲಿಲ್ಲ. ಯೆಲ್ಲೊ ಓಕರ್, ಬರ್ಂಟ್ ಸಿಯೆನ್ನಾ, ಚೂರು ನೀಲಿ ಸೇರಿಸಿ ಚಾಕುವಿನ ತುದಿಯಲ್ಲಿ ಎತ್ತಿ ದೂರ ಹಿಡಿದು ನೋಡಿದೆ. ಅದು ಮಾವನ ಮುಂಗೈಯ ಬಣ್ಣ. ಮೂರು ವರ್ಷದಿಂದ ಪ್ಯಾಲೆಟ್ಟಿನಲ್ಲೇ ಇದ್ದ ಮೂರು ಬಣ್ಣ, ಒಂದು ಸಲವೂ ಹಾಗೆ ಬೆರೆಸಿರಲಿಲ್ಲ.

ಮನೆಗೆ ಬಂದು ಅಜ್ಜನ ತಲೆಗೆ ಅಗಲ ಅಂಚಿನ ಫೆಲ್ಟ್ ಹ್ಯಾಟ್ ಇಟ್ಟೆ. ಅವರು ತೊಟ್ಟಿದ್ದು ಬೀಜದ ಅಂಗಡಿಯವರು ಪುಕ್ಕಟೆ ಕೊಟ್ಟ, ಬಿಸಿಲಿಗೆ ಮಾಸಿದ ನೀಲಿ ಕ್ಯಾಪ್. ಚಿತ್ರಕ್ಕೆ ಅದು ಶೋಭೆ ಅನ್ನಿಸಿರಲಿಲ್ಲ. ಎರಡನೇ ಭಾನುವಾರ ಅವರು ಹಲಗೆಯ ಹತ್ತಿರ ಮುಖ ತಂದು, "ಯಾರ ಟೋಪಿ ಇದು?" ಎಂದರು.

ನಾನು ತೊದಲಿದೆ.

"ಅಂಥದ್ದು ನನ್ನ ಹತ್ತಿರವೂ ಒಂದಿದೆ. ಮದುವೆಗೆ, ಮಣ್ಣಿಗೆ ಹೋಗುವಾಗ ಹಾಕುತ್ತೇನೆ. ಅದನ್ನು ಹಾಕಿಕೊಂಡು ಕಾಲುವೆಗೆ ಇಳಿದರೆ ಜನ ನಗುತ್ತಾರೆ, ಮಿಹಾ."

ಕೌಸ್‌ನ ಬೆಂಕಿಯ ಮುಂದೆ ಕುಳಿತ ಮನುಷ್ಯ ನೆನಪಾಗಿ ಕಿವಿ ಬಿಸಿಯಾಯಿತು. ಅವರೆದುರೇ ಚಾಕುವಿನಿಂದ ಹ್ಯಾಟನ್ನು ಕೆರೆದು ತೆಗೆದೆ. ಕ್ಯಾಪ್ ಬರೆಯಲು ಕೂತಾಗ ಗೊತ್ತಾಯಿತು, ಚಿತ್ರವೆಲ್ಲ ಆ ಕ್ಯಾಪಿನ ಅಂಚಿನ ಕೆಳಗೇ ಇತ್ತು ಅಂತ. ನೆತ್ತಿ ಮೇಲಿನ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ನೆರಳಿನೊಳಗೆ ಹೊಕ್ಕು, ಗಲ್ಲದ ಕೆಳಭಾಗ ಕೆಂಡದ ಹಾಗೆ ಬೆಳಗುತ್ತಿತ್ತು. ಮೂಗಿನ ಕೆಳಗೆ, ಹುಬ್ಬಿನ ಕೆಳಗೆ ಕಿತ್ತಳೆ. ನೆರಳೆಂದರೆ ಕಡು ಬಳಿದು ಮುಗಿಸುವುದು ಎಂದುಕೊಂಡಿದ್ದವಳಿಗೆ ಆ ಮೂರು ಇಂಚಿನ ಜಾಗಕ್ಕೆ ಎರಡು ಗಂಟೆ ಬೇಕಾಯಿತು. ಅಜ್ಜ ನಡುವೆ ನಿದ್ದೆ ಹೋದರು.

ಬೆಟ್ಟದಲ್ಲಿ ಹಿಮ ಹಾಕಲಿಲ್ಲ, ಬೇಕೆಂದೇ. ಹಿಂದೊಮ್ಮೆ ಹಿಮದ ಬೆಟ್ಟ ಬರೆದುಕೊಂಡು ಹೋದಾಗ ಟೀಚರ್ "ಅಂಚೆ ಕಾರ್ಡು" ಎಂದಿದ್ದು ಮನಸ್ಸಿನಲ್ಲಿ ಕೂತಿತ್ತು. ಅದಕ್ಕಿಂತ ಹೆಚ್ಚಾಗಿ ಸ್ಟುಡಿಯೊ ಪರದೆಯ ನಾಚಿಕೆ. ಶಿಖರಗಳನ್ನು ನೀಲಿ ಬೂದಿಯಲ್ಲಿ ಮುಗಿಸಿ ವಾಟ್ಸಾಪಿನಲ್ಲಿ ಮಾವನಿಗೆ ಕಳಿಸಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವನಿಗೆ ಫೋನ್ ನೋಡುವ ಹುಚ್ಚು. ಐದು ನಿಮಿಷಕ್ಕೆ ಫೋನ್ ಬಂತು. "ಮುಖ ಲಾಯ್ಕಾಗಿದೆ. ಸಲಿಕೆ ಹಿಡಿ ಸ್ವಲ್ಪ ಸೊಟ್ಟ. ಹಿಮ ಎಂತಕ್ಕೆ ಹಾಕಿಲ್ಲ ಪುಟ್ಟಿ? ಅಲ್ಲಿ ಹಿಮ ಬೀಳೋದಿಲ್ವಾ?" ಬೀಳುತ್ತೆ ಮಾವ, ಆದರೆ ಅದು ಹಳೇ ಸ್ಟೈಲು ಎಂದು ನಕ್ಕು ಮಾತು ಮರೆಸಿದೆ.

ಮೂರನೇ ಭಾನುವಾರ ಅಜ್ಜ ಕ್ಯಾಪ್ ನೋಡಿ ತಲೆಯಾಡಿಸಿದರು. ಕಾಲುವೆಯ ಅಂಚು ನೋಡಿದರು. ಆಮೇಲೆ ಹಲಗೆಯ ಮೇಲ್ಭಾಗಕ್ಕೆ ಬೆರಳು ತೋರಿಸಿ ನನ್ನ ಮುಖ ನೋಡಿದರು. "ಹಿಮ ಎಲ್ಲಿ?"

ಅಂಚೆ ಕಾರ್ಡಿನ ಕತೆ ಹೇಳಿದೆ. ಅವರಿಗೆ ಅದು ತಲೆಗೆ ಹತ್ತಲಿಲ್ಲ. ಕಿಟಕಿ ಹತ್ತಿರ ಕರೆದು ಶಿಖರ ತೋರಿಸಿದರು. ಎಡಗಡೆ ಶಿಖರದ ಭುಜದ ಮೇಲೆ ಮಾರ್ಚ್ ಕೊನೆಗೆ ಹಿಮ ಎಲ್ಲಿಯ ತನಕ ಇದೆ ಎಂದು ನೋಡಿ ಜುಲೈಯಲ್ಲಿ ಯಾರ ಮೆಣಸಿನ ಗಿಡಕ್ಕೆ ಎಷ್ಟು ಸರದಿ ಎಂದು ಲೆಕ್ಕ ಹಾಕುತ್ತಾರಂತೆ. ಅವರ ಅಪ್ಪನೂ ಹಾಗೇ ಹಾಕುತ್ತಿದ್ದರು. "ನೀನು ಸಲಿಕೆ ಹಿಡಿದು ಕಾಲುವೆ ತೋಡಿದ್ದೀಯ. ಒಳಗೆ ಹರಿಯೋದು ಅದೇ. ಅದಿಲ್ಲದಿದ್ದರೆ ಈ ಚಿತ್ರದಲ್ಲಿ ನಾನು ಯಾಕೆ ಸಲಿಕೆ ಹಿಡಿದು ನಿಂತಿದ್ದೇನೆ?"

ಅಲ್ಲೇ ಅವರ ಅಡುಗೆಮನೆ ಮೇಜಿನ ಮೇಲೆ ಕಲಸಿದೆ. ಬಿಸಿಲು ಬಿದ್ದ ಹಿಮಕ್ಕೆ ಬಿಳಿಯ ಜೊತೆ ಸೂಜಿಮೊನೆಯಷ್ಟು ಯೆಲ್ಲೊ ಓಕರ್. ನೆರಳಿನ ಹಿಮಕ್ಕೆ ಬಿಳಿ, ಅಲ್ಟ್ರಾಮರೀನ್, ಕ್ರಿಮ್ಸನ್ನಿನ ಒಂದು ಸುಳಿವು. ಅಜ್ಜ ಪಕ್ಕದಲ್ಲಿ ನಿಂತು, ಎಡ ಭುಜದ ಮೇಲೆ ಇನ್ನೂ ಕೆಳಗೆ, ಇನ್ನೂ ಸ್ವಲ್ಪ ಕೆಳಗೆ ಎಂದು ಆ ವರ್ಷದ ಗುರುತಿನ ತನಕ ಹಿಮವನ್ನು ಇಳಿಸಿದರು.

ಹಲಗೆ ಒಣಗಲು ಅವರ ಮನೆಯಲ್ಲೇ ಬಿಟ್ಟು, ಫೋಟೊ ತೆಗೆದುಕೊಂಡು ಬಂದೆ. ರಾತ್ರಿ ಮಾವನಿಗೆ ಕಳಿಸಿದೆ. ಈ ಸಲ ಫೋನ್ ಬರಲು ಬಹಳ ಹೊತ್ತಾಯಿತು.

"ನೆರಳಿನ ಹಿಮ ನೀಲಿಯಾ?" ಎಂದ.

"ಹೌದು ಮಾವ. ಆಕಾಶದ ನೀಲಿ ಬೀಳುತ್ತೆ ಅದರ ಮೇಲೆ."

"ನಾನು ಕಪ್ಪು ಹಾಕಿದ್ದೆ ನೋಡು. ಬಿಳಿಗೆ ಕಪ್ಪು." ಸ್ವಲ್ಪ ಸುಮ್ಮನಿದ್ದು, "ಸ್ಟುಡಿಯೊದವನ ಮಗ ಆ ಪರದೆ ಅಟ್ಟದಲ್ಲಿ ಇಟ್ಟಿದ್ದಾನಂತೆ. ನಾಳೆ ಪೇಟೆಗೆ ಹೋದಾಗ ಕೇಳ್ತೇನೆ" ಎಂದ.